ಬಾಲವಾಡಿಯ ವಿಶ್ರಾಂತಿ ಅವಧಿ

ಹಯಗ್ರೀವ ಭಟ್ಟರಿಗೆ ಸರಕಾರದ ಮೇಲೆ ಇದ್ದ ಸಿಟ್ಟು ಒಂದೇ. ಅದು ಅವರ ಮಧ್ಯಾಹ್ನದ ನಿದ್ದೆಯನ್ನು ಕಿತ್ತುಕೊಂಡಿತ್ತು.

ಪಾಪ, ಭಟ್ಟರು ಆಸೆಬುರುಕರೇನಲ್ಲ. ಉಡುಪಿಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುವವರು. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಕಾವಲಿಯ ಮುಂದೆ ನಿಂತರೆ ಮಧ್ಯಾಹ್ನಕ್ಕೆ ತಮ್ಮ ಊರು ಇನ್ನಂಜೆಗೆ ವಾಪಸು. ಗಂಜಿ ಉಂಡು, ಮನೆಯ ಮುಂದಿನ ಚಾವಡಿಯ ತಣ್ಣನೆಯ ಕೆಂಪು ನೆಲದಲ್ಲಿ ಚಾಪೆ ಬಿಡಿಸಿ, ಗದ್ದೆಯ ಮೇಲಿಂದ ಬರುವ ಗಾಳಿಗೆ ಮುಖ ಕೊಟ್ಟು ಮಲಗಿದರೆಂದರೆ ಅವರಿಗೆ ಬೇರೆ ಸ್ವರ್ಗ ಬೇಕಿರಲಿಲ್ಲ. ಆದರೆ ಊರಿಗೆ ಬಾಲವಾಡಿ ಬಂತು. ಹೆಂಡತಿ ಸುಭಾಷಿಣಿಯೇ ಟೀಚರಾದಳು. ಕಟ್ಟಡ ಇಲ್ಲವಲ್ಲ, ಸದ್ಯಕ್ಕೆ ನಮ್ಮ ಚಾವಡಿಯಲ್ಲೇ ಇರಲಿ ಎಂದಳು. ಸರಕಾರದ 'ಸದ್ಯಕ್ಕೆ' ಮುಗಿದದ್ದನ್ನು ಕಂಡವರು ಯಾರು? ಭಟ್ಟರು ಅಡುಗೆಮನೆಯ ಹೊಗೆಯಲ್ಲಿ, ಹಟ್ಟಿಯಲ್ಲಿ ಹಸುವಿನ ಪಕ್ಕದಲ್ಲಿ, ಎಲ್ಲೆಲ್ಲೋ ಮಲಗಿ ನೋಡಿದರು. ಕಣ್ಣಿಗೆ ಜೊಂಪು ಹತ್ತುವಾಗಲೇ ಚಾವಡಿಯಿಂದ "ಅ ಅರಸ! ಆ ಆನೆ!" ಎಂಬ ಬೊಬ್ಬೆ ಏಳುತ್ತಿತ್ತು.

ಎಂಬತ್ತಾರನೆಯ ಇಸವಿಯ ಕೊನೆಗೆ ಒಂದು ಆಸೆ ಚಿಗುರಿತು. ಇಲಾಖೆಯ ಸಾಹೇಬರು ರಾಮದಾಸರು ಬಂದು ನೋಡಿ ಒಪ್ಪಿದರೆ ಶಾಲೆಯ ಮೈದಾನದ ಬದಿಯಲ್ಲಿ ಬಾಲವಾಡಿಗೆ ಸ್ವಂತ ಕಟ್ಟಡ! ಆದರೆ ಅವರು ಬರುವ ದಿನವೇ ಸುಭಾಷಿಣಿಗೆ ಮಣಿಪಾಲದಲ್ಲಿ ತರಬೇತಿ.

"ನೀವು ರಜೆ ಹಾಕಿ, ಒಂದು ದಿನ ಸುಧಾರಿಸಿ," ಎಂದಳು ಅವಳು, ಸೀರೆಯ ನೆರಿಗೆ ಸರಿಮಾಡುತ್ತ. "ದಿಲ್ಲಿಯಲ್ಲಿ ಹೊಸ ಶಿಕ್ಷಣ ನೀತಿ ಬಂದಿದೆ. ಸಣ್ಣ ಮಕ್ಕಳಿಗೆ ಅಕ್ಷರ ತುರುಕ್ಲಿಕ್ಕಿಲ್ಲ. ಆಟ, ಊಟ, ವಿಶ್ರಾಂತಿ, ಅಷ್ಟೇ. ಈ ಸಾಹೇಬರು ವಿಶ್ರಾಂತಿ ಹೊತ್ತಿಗೇ ಬರುವುದಂತೆ. ಕಾರ್ಕಳದ ಕಡೆ ಒಂದು ಬಾಲವಾಡಿಯಲ್ಲಿ ಮಕ್ಕಳು ಮಲಗ್ಲಿಲ್ಲ ಅಂತ ಕಟ್ಟಡವೇ ಇಲ್ಲ ಅಂದ್ರಂತೆ."

"ಮಲಗಿಸುವುದು ಒಂದು ಕೆಲಸವಾ? ನನ್ನ ಹತ್ರ ಬಿಡು," ಎಂದರು ಭಟ್ಟರು. ನಿದ್ದೆಯ ವಿಷಯದಲ್ಲಿ ಊರಿನಲ್ಲಿ ತನ್ನಷ್ಟು ತಿಳಿದವರಿಲ್ಲ ಎಂಬ ಹೆಮ್ಮೆ ಅವರಿಗೆ.

ಆಟವೇನೋ ಮುಗಿಯಿತು. ಊಟಕ್ಕೆ ಭಟ್ಟರು ಸರಕಾರದ ಗೋಧಿ ನುಚ್ಚಿಗೆ ಮನೆಯ ತೆಂಗಿನಕಾಯಿ ತುರಿದು, ಒಗ್ಗರಣೆ ಕೊಟ್ಟು, ಉಪ್ಪಿಟ್ಟು ಮಾಡಿ ಬಡಿಸಿದರು. ಮಕ್ಕಳು ತಟ್ಟೆ ನೆಕ್ಕಿದರು. ಆಮೇಲೆ ಚಾಪೆ ಬಿಡಿಸಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ಮಕ್ಕಳೇ, ಕಣ್ಣು ಮುಚ್ಚಿ!"

"ಮಕ್ಕಳೇ, ಕಣ್ಣು ಮುಚ್ಚೀ!" ಎಂದು ಚಾವಡಿ ಮೊಳಗಿತು.

ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವ ಮಕ್ಕಳಿಗೆ ಕನ್ನಡವೆಂದರೆ ಟೀಚರು ಹೇಳಿದ್ದನ್ನು ಒಟ್ಟಿಗೆ ತಿರುಗಿ ಹೇಳುವ ಭಾಷೆ.

"ಸುಮ್ಮನಿರಿ!"

"ಸುಮ್ಮನಿರೀ!"

"ಅಯ್ಯೋ ದೇವರೇ!"

"ಅಯ್ಯೋ ದೇವರೇ!"

ಬೊಬ್ಬೆ ಕೇಳಿ ಪಕ್ಕದ ಮನೆಯ ನಳಿನಾಕ್ಷಿ ಬಂದಳು. ಬೇರೆಯವರ ಮನೆಯಲ್ಲಿ ಏನಾದರೂ ಕೆಟ್ಟರೆ ಅವಳಿಗೆ ಕೂತಲ್ಲಿ ಕೂರಲಾಗುವುದಿಲ್ಲ.

"ಎಂತ ಹಯಗ್ರೀವಣ್ಣ ಇದು? ಹೊಟ್ಟೆ ತಂಪಾಗದೆ ನಿದ್ದೆ ಬರ್ತದಾ? ಮಜ್ಜಿಗೆ ಕೊಡಿ," ಎಂದು ಇಂಗು ಹಾಕಿದ ಮಜ್ಜಿಗೆಯನ್ನು ತಂದೇಬಿಟ್ಟಳು. ಮಕ್ಕಳು ಒಂದೊಂದು ಗುಟುಕು ಕುಡಿದು ಮುಖ ಸೊಟ್ಟಗೆ ಮಾಡಿದರು. ಚೆಲ್ಲಬಾರದಲ್ಲ ಎಂದು ಉಳಿದದ್ದನ್ನೆಲ್ಲ ಭಟ್ಟರೇ ಕುಡಿದರು.

ಅಷ್ಟರಲ್ಲಿ ಮೊಮ್ಮಗಳು ಜಮೀಲಾಳನ್ನು ಕರೆದೊಯ್ಯಲು ಸಾರಮ್ಮ ಬಂದರು. "ಕನ್ನಡದಲ್ಲಿ ಹೇಳಿದ್ರೆ ಇವಳು ಮಲಗುದಿಲ್ಲ ಭಟ್ರೇ," ಎಂದು ಜಮೀಲಾಳನ್ನು ಮಡಿಲಿಗೆ ಎಳೆದುಕೊಂಡು ಬ್ಯಾರಿಯಲ್ಲಿ ಹಾಡತೊಡಗಿದರು. ನಳಿನಾಕ್ಷಿ ಬಿಟ್ಟಾಳೆಯೇ? ಅವಳದು ತುಳು. ದಾರಿಯಲ್ಲಿ ಹೋಗುತ್ತಿದ್ದ ಇಮೆಲ್ಡಾ ಬಾಯಿಯೂ ಒಳಗೆ ಬಂದು, ತನ್ನ ಮಗ ಸ್ಟ್ಯಾನಿಸ್ಲಾಸನ ಬೆನ್ನು ತಟ್ಟುತ್ತ ಕೊಂಕಣಿಯಲ್ಲಿ ಗುನುಗಿದಳು. ಮೂರು ಭಾಷೆಯ ಜೋಗುಳ ಒಂದರೊಳಗೊಂದು ಸೇರಿತು. ಹೊರಗೆ ಬಿಸಿಲು ಹಳದಿಯಾಗಿ ಗದ್ದೆಯ ಮೇಲೆ ಮಲಗಿತ್ತು. ಗಾಳಿ ಬಂತು. ಪೈರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿತು.

ಭಟ್ಟರು ಕಂಬಕ್ಕೆ ಒರಗಿದರು. ಕಣ್ಣು ಮುಚ್ಚಿದ್ದು ಒಂದು ಕ್ಷಣಕ್ಕೆ, ದೇವರಾಣೆಗೂ ಒಂದೇ ಕ್ಷಣಕ್ಕೆ.

ನೋಡಿದರೆ ಬಾಲವಾಡಿ ಎದ್ದು ಹೊರಟಿತ್ತು. ಸ್ಲೇಟುಗಳು ಕೊಕ್ಕರೆಗಳ ಹಾಗೆ ಗದ್ದೆಯ ಮೇಲೆ ಹಾರುತ್ತಿದ್ದವು. ಹಿಂದಿನಿಂದ ಉಪ್ಪಿಟ್ಟಿನ ಪಾತ್ರೆ, ಮರದ ಕುದುರೆ, ಅರಸ, ಆನೆ, ಎಲ್ಲರೂ ತೇಲಿಕೊಂಡು ಶಾಲೆಯ ಮೈದಾನದ ಕಡೆಗೆ. ಅಲ್ಲೊಂದು ಹೊಸ ಕಟ್ಟಡ ಬಾಯಿ ತೆರೆದು ಅವರನ್ನೆಲ್ಲ ಒಳಗೆ ಕರೆದುಕೊಂಡಿತು. ಭಟ್ಟರು ಖಾಲಿ ಚಾವಡಿಯಲ್ಲಿ ನಿಂತು ಕೈಬೀಸಿದರು. ಯಾರೋ ಮೆತ್ತಗೆ ಅವರ ಹೆಗಲು ತಟ್ಟುತ್ತಿದ್ದರು. ಎಷ್ಟು ಹಿತವಾಗಿತ್ತೆಂದರೆ ಭಟ್ಟರಿಗೆ ಕಣ್ಣಲ್ಲಿ ನೀರು ಬಂತು.

ಎಚ್ಚರವಾದಾಗ ಬಿಸಿಲು ಮೆಟ್ಟಿಲಿಳಿದು ಅಂಗಳದಾಚೆ ಹೋಗಿತ್ತು. ಸಾರಮ್ಮ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಇಮೆಲ್ಡಾ ಬಾಯಿಯ ತಲೆ ನಳಿನಾಕ್ಷಿಯ ಭುಜದ ಮೇಲೆ, ನಳಿನಾಕ್ಷಿಯ ಬಾಯಿ ತೆರೆದೇ ಇತ್ತು. ಮಕ್ಕಳೆಲ್ಲ ಎಚ್ಚರವಾಗಿಯೇ ಇದ್ದರು! ದೊಡ್ಡವರೊಬ್ಬೊಬ್ಬರ ಪಕ್ಕದಲ್ಲಿ ಕುಳಿತು, ಟೀಚರಾಟ ಆಡುತ್ತ, ಸದ್ದಿಲ್ಲದೆ ತಟ್ಟಿ ಮಲಗಿಸುತ್ತಿದ್ದರು. ಭಟ್ಟರ ಹೆಗಲಿನ ಮೇಲೆ ಸ್ಟ್ಯಾನಿಸ್ಲಾಸನ ಪುಟ್ಟ ಕೈ. ಚಾವಡಿಯ ನಡುವೆ, ಭಟ್ಟರ ಸ್ವಂತ ತಲೆದಿಂಬಿನ ಮೇಲೆ, ಪ್ಯಾಂಟು ಹಾಕಿದ ದಪ್ಪ ಮನುಷ್ಯರೊಬ್ಬರು ಅಂಗಾತ ಮಲಗಿದ್ದರು. ಜಮೀಲಾ ಅವರ ಹೊಟ್ಟೆ ತಟ್ಟುತ್ತ, ಭಟ್ಟರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

ಸಾಹೇಬರು! ಕಟ್ಟಡ ಹೋಯಿತು, ನಿದ್ದೆ ಹೋಯಿತು, ಇನ್ನು ಸುಭಾಷಿಣಿಯ ಕೆಲಸವೂ ಹೋಯಿತು. "ಸರ್," ಎಂದು ಭಟ್ಟರು ಮೆತ್ತಗೆ ಕರೆದರು.

ರಾಮದಾಸರು ಕಣ್ಣು ತೆರೆದರು. ತಾನು ಎಲ್ಲಿದ್ದೇನೆಂದು ತಿಳಿಯದೆ ಸ್ವಲ್ಪ ಹೊತ್ತು ಮಾಡಿನ ಹಂಚನ್ನೇ ನೋಡಿದರು. ಆಮೇಲೆ ಎದ್ದು ಕುಳಿತು ಭಟ್ಟರ ಕೈ ಹಿಡಿದುಕೊಂಡರು.

"ಎಂಥ ಜಾಗ ಮಾರಾಯ್ರೆ! ಬಸ್ಸಿಳಿದು ಬಂದೆ. ಈ ಮಗು ನನ್ನ ಕೈ ಹಿಡಿದು ಮಲಗಿಸ್ತು. ಹೆಂಡತಿ ತೀರಿಹೋದ ಮೇಲೆ ನಾನು ಹೀಗೆ ನಿದ್ದೆ ಮಾಡ್ಲೇ ಇಲ್ಲ."

ಭಟ್ಟರಿಗೆ ಹೋದ ಜೀವ ಬಂತು. "ಹಾಗಾದ್ರೆ ಸರ್, ಕಟ್ಟಡ?"

"ಕಟ್ಟಡವಾ? ಸರಕಾರದ ಶೀಟಿನ ಮಾಡಿನ ಕೆಳಗೆ ಈ ಗಾಳಿ ಬರ್ತದಾ? ಈ ನಿದ್ದೆ ಬರ್ತದಾ? ಬೇಡವೇ ಬೇಡ! ಬಾಲವಾಡಿ ಇಲ್ಲೇ ಇರ್ಲಿ, ಖಾಯಂ. ನಾನು ಆವಾಗಾವಾಗ ಮಧ್ಯಾಹ್ನ ಬಂದು ತಪಾಸಣೆ ಮಾಡ್ತೇನೆ." ರಾಮದಾಸರು ಹೊರಟವರು ಮೆಟ್ಟಿಲಲ್ಲಿ ತಿರುಗಿ ನಿಂತರು. "ಒಂದೇ ಕೊರತೆ. ವಿಶ್ರಾಂತಿ ಹೊತ್ತಿಗೆ ದೊಡ್ಡವರು ಒಬ್ಬರು ಎಚ್ಚರ ಇರ್ಲೇಬೇಕು, ಅದು ನಿಯಮ."

ಸಂಜೆ ಸುಭಾಷಿಣಿ ಮಣಿಪಾಲದಿಂದ ಬಂದು, ಬಾಲವಾಡಿ ಮನೆಯಲ್ಲೇ ಖಾಯಂ ಎಂಬ ಸುದ್ದಿ ಕೇಳಿ ಕುಣಿಯುವುದೊಂದು ಬಾಕಿ. "ಮಧ್ಯಾಹ್ನ ನನಗೆ ಮಕ್ಕಳ ಲೆಕ್ಕ ಬರೀಲಿಕ್ಕೆ ಮನೆಮನೆಗೆ ಹೋಗ್ಲಿಕ್ಕೆ ಉಂಟು. ನೀವು ಹೇಗೂ ಬಸ್ಸಿಳಿದು ಬರ್ತೀರಲ್ವಾ? ಎಚ್ಚರ ಇರುವವರು ನೀವೇ," ಎಂದಳು.

ಮರುದಿನ ಮಧ್ಯಾಹ್ನ ಭಟ್ಟರು ತಮ್ಮ ಚಾವಡಿಯಲ್ಲಿ, ತಮ್ಮ ಕಂಬಕ್ಕೆ ಒರಗಿ, ಬೀಸಣಿಗೆ ಹಿಡಿದು ಕುಳಿತರು. ಚಾಪೆಯ ತುಂಬ ಮಕ್ಕಳು ಕಣ್ಣು ಮುಚ್ಚಿ ಮಲಗಿದ್ದರು. ಗದ್ದೆಯ ಮೇಲಿಂದ ಗಾಳಿ ಬಂತು. ಬೀಸಣಿಗೆ ನಿಧಾನವಾಯಿತು. ದೂರದಲ್ಲಿ ಒಂದು ಸ್ಲೇಟು ರೆಕ್ಕೆ ಬಿಚ್ಚತೊಡಗಿತು.

ಜಮೀಲಾ ಒಂದು ಕಣ್ಣು ತೆರೆದಳು.

"ಭಟ್ರೇ, ಮಲಗ್ಬಾರ್ದು!"

"ಭಟ್ರೇ, ಮಲಗ್ಬಾರ್ದು!" ಎಂದು ಇಡೀ ಬಾಲವಾಡಿ ಒಟ್ಟಿಗೆ ಕೂಗಿತು.