ಟವೆಲ್ ಎತ್ತಿದರೆ ಮತ

ನಮ್ಮೂರಲ್ಲಿ ಸಭೆಗೆ ಕರೆದರೆ ಯಾರೂ ಬರುವುದಿಲ್ಲ. ತೀರ್ಮಾನವಾದ ಮೇಲೆ ಜಗಳಕ್ಕೆ ಮಾತ್ರ ತಪ್ಪದೆ ಬರುತ್ತಾರೆ. ಅಣ್ಣಿಗೇರಿ ಕಡೆಯ ನಮ್ಮ ಹಳ್ಳಿಯ ರೈತರು ಕೂಡಿ ಕಾಳು ಒಕ್ಕುವ ಒಂದು ರಾಶಿ ಮಷಿನ್ ತಂದಿದ್ದೇವೆ. ಅದರ ಸಂಘಕ್ಕೆ ನಾನು ಸೆಕ್ರೆಟರಿ. ಹಾಗಾಗಿ ಇಂಥ ಪ್ರಸಂಗಗಳು ನನಗೆ ಪುಕ್ಕಟೆ ಸಿಗುತ್ತಲೇ ಇರುತ್ತವೆ.

ಶಾಂತ ಸಭೆ

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದ ವಿದ್ಯೆ. ಅಧ್ಯಕ್ಷರು ಅದನ್ನೇ ನಿಯಮ ಮಾಡಿದರು: "ಬರಾಕ ಆಗದವ್ರು ನಂಬಿಗಸ್ಥರ ಕೈಯಾಗ ಟವೆಲ್ ಕಳಸ್ರಿ. ಅವ್ರು ಎತ್ತಿದ್ರ ನಿಮ್ಮ ಮತ ಬಿದ್ದಂಗ. ಅವ್ರಿಗೂ ಆಗದಿದ್ರ ಮತ್ತೊಬ್ರಿಗೆ ಕೊಡ್ಲಿ."

ಮುಂದಿನ ಸಭೆಗೆ ಊರಿಗೆ ಊರೇ ಬಂತು, ಟವೆಲ್ ರೂಪದಲ್ಲಿ. ಮನುಷ್ಯರು ಅಂತ ಇದ್ದವರು ನಾನು, ಅಧ್ಯಕ್ಷರು ಮತ್ತು ಎಲ್ಲರ ಟವೆಲ್ ಹೊತ್ತು ತಂದ ಚಹಾದಂಗಡಿ ಕಾಕಾ. ಕಾಕಾ ಎತ್ತಿದರು, ಇಳಿಸಿದರು, ಸಭೆ ಮುಗಿಯಿತು. ಅಧ್ಯಕ್ಷರಿಗೆ ಖುಷಿಯೋ ಖುಷಿ.

"ಒಬ್ರೂ ಬೈಲಿಲ್ಲ ನೋಡ್ರಿ. ಪ್ರಜಾಪ್ರಭುತ್ವ ಅಂದ್ರ ಹಿಂಗಿರಬೇಕು!"

ಮೂವರು ನಂಬಿಗಸ್ಥರು

ಒಮ್ಮೆ ಮೂವರು ಅಣ್ಣತಮ್ಮಂದಿರ ಟವೆಲ್ ಬರಲೇ ಇಲ್ಲ. ದೊಡ್ಡವನಿಗೆ ಫೋನ್ ಮಾಡಿದೆ. "ನಡುವಿನವಗ ಕೊಟ್ಟೇನ್ರಿ" ಅಂದ. ನಡುವಿನವನು, "ನಂದೂ ಕೂಡ್ಸಿ ಸಣ್ಣವಗ ಕೊಟ್ಟೇನ್ರಿ" ಅಂದ. ಸಣ್ಣವನು, "ಮೂರೂ ದೊಡ್ಡಣ್ಣಗ ಕೊಟ್ಟೇನ್ರಿ. ಮಕ್ಕೊಂಡಿದ್ದ, ಮೈಮ್ಯಾಲ ಹೊಚ್ಚಿ ಬಂದೆ" ಅಂದ.

ಮತ್ತೆ ದೊಡ್ಡವನಿಗೆ ಫೋನ್ ಹಚ್ಚಿ ವಿಷಯ ಹೇಳಿದೆ.

"ಅದಕ್ಕ ಏನ್ರಿ ಇಷ್ಟು ಶಕಿ, ಮೈಯೆಲ್ಲಾ ಬೆವತೈತಿ!" ಅಂದ.

ಅರ್ಧ ಮತ

ಕೊಟ್ಟ ಟವೆಲ್ ಯಾವಾಗ ಬೇಕಾದರೂ ವಾಪಸ್ ಕೇಳಬಹುದು ಅಂತಲೂ ನಿಯಮವಿತ್ತು. ಒಬ್ಬ ಅದನ್ನು ನಂಬಿ, ಮತ ಎಣಿಸುವ ಹೊತ್ತಿಗೆ ಓಡಿ ಬಂದ. "ಇಳಸೋ ಮಾವಾ, ನನ್ನ ವಿಚಾರ ಬದಲಾತು!" ಟವೆಲ್ ಎತ್ತಿ ನಿಂತಿದ್ದ ಮಾವ ಬಿಡಲಿಲ್ಲ. ಇವನು ಎಳೆದ, ಅವನು ಜಗ್ಗಿದ, ಟವೆಲ್ ಪರ್ರನೆ ಹರಿಯಿತು. ಇಬ್ಬರೂ ತಮ್ಮ ತಮ್ಮ ತುಂಡನ್ನು ಎತ್ತಿ ಹಿಡಿದರು.

ಅಧ್ಯಕ್ಷರು ಗಂಭೀರವಾಗಿ ನನಗೆ ಹೇಳಿದರು: "ಅರ್ಧಾ ಹೌದು, ಅರ್ಧಾ ಅಲ್ಲ. ಬರ್ಕೋರಿ."

ನನ್ನ ಟವೆಲ್

ಇದನ್ನು ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಕಡಲೆ ಕಿತ್ತು ಹೊಲದಲ್ಲೇ ಒಟ್ಟಿದ್ದೆ. ಮುಗಿಲು ಕಪ್ಪಾಗಿತ್ತು. ಮಷಿನ್ ಮೊದಲು ಹಳ್ಳದ ಆಚೆ ಹೋಗಬೇಕೋ ಈಚೆಯೋ ಅಂತ ಸಭೆ. ನನ್ನ ಹೊಲ ಈಚೆ. ಕಡಲೆ ತೊಯ್ದರೆ ವರ್ಷದ ದುಡಿಮೆ ಹೋದಂತೆ. ಕಡಲೆಗೆ ತಾಡಪತ್ರಿ, ಅಂದರೆ ಟಾರ್ಪಾಲು, ಹೊದಿಸಲು ಓಡುವ ಅವಸರದಲ್ಲಿ ಬಾಜು ಹೊಲದವನ ಕೈಗೆ ಟವೆಲ್ ಕೊಟ್ಟು, "ಈಚಿ ಕಡಿ ಅಂದಾಗ ಎತ್ತೋ ಮಾರಾಯಾ" ಅಂದೆ.

ತಾಡಪತ್ರಿ ಹೊದಿಸಿದಷ್ಟೂ ಗಾಳಿಗೆ ಹಾರಿತು. ಮಷಿನ್ನೇ ಗತಿ ಅಂತ ಸಭೆಗೆ ಓಡಿ ಬಂದರೆ ಎಣಿಕೆ ಮುಗಿದಿತ್ತು. ಹಳ್ಳದ ಆಚೆ ಹೊಲವಿರುವ ಅಕ್ಕ ತೋಳ ತುಂಬ ಟವೆಲ್ ಹೊತ್ತು ನಿಂತಿದ್ದರು.

"ಒಂದ ಟವೆಲ್ ಹೆಚ್ಚಾಗಿ ಆಚಿಯವ್ರು ಗೆದ್ರು" ಅಂದರು ಅಧ್ಯಕ್ಷರು.

ಹೊರಗೆ ಚಹಾದಂಗಡಿ ಮುಂದೆ ನಿಂತಿದ್ದ ಬಾಜು ಹೊಲದವನನ್ನು ಹಿಡಿದು ಕೇಳಿದೆ. "ನಂದು ಹ್ವಾದ ವಾರನ ರಾಶಿ ಆಗೇತ್ರಿ. ಸುಮ್ನ ಕುಂತು ಏನ್ ಮಾಡ್ಲಿ? ಅಕ್ಕಾರು ಎಂದೂ ಸಭಾ ತಪ್ಪಸಂಗಿಲ್ಲ, ಭಾಳ ನಂಬಿಗಸ್ಥರು. ಅವ್ರಿಗೆ ಕೊಟ್ಟು ಮನಿಗೆ ಹೊಂಟಿದ್ದೆ" ಅಂದ.

ಅಷ್ಟರಲ್ಲಿ ಟಪಟಪ ಹನಿ ಬಿತ್ತು. ಅಕ್ಕ ತೋಳಲ್ಲಿದ್ದ ಟವೆಲ್‌ಗಳೊಳಗಿಂದ ನನ್ನದನ್ನು ಹುಡುಕಿ ತೆಗೆದು, ಮರ್ಯಾದೆಯಿಂದ ಎರಡೂ ಕೈಯಲ್ಲಿ ಕೊಟ್ಟರು.

"ನಿಮ್ಮ ಟವೆಲ್ಲಿಂದನ ಗೆದ್ವಿ ನೋಡ್ರಿ. ಭಾಳ ಉಪಕಾರ ಆತು. ತಗೋರಿ, ಮಳಿ ಬಂತು, ತಲಿ ಒರಿಸ್ಕೋರಿ."