ಕೆಂಪಮ್ಮನಿಗೆ ಆಕಾಶದಲ್ಲೊಂದು ಜಾಗ

ಐವತ್ತು ದಾಟಿದ ಗಂಡಸಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಕೆಲವರು ವಾಕಿಂಗ್ ಹೋಗುತ್ತಾರೆ, ಕೆಲವರು ಸೈಟು ನೋಡುತ್ತಾರೆ. ನಾನು ದೇವರುಗಳಿಗೆ ಆಕಾಶದಲ್ಲಿ ಜಾಗ ಹುಡುಕತೊಡಗಿದೆ. ಆರಿದ್ರೆ ನಕ್ಷತ್ರಕ್ಕೆ ರುದ್ರ ಒಡೆಯ. ಹತ್ತಿರದಲ್ಲೇ ವೃಷಭ ರಾಶಿ, ಅಂದರೆ ಬಸವಣ್ಣ. ಅಲ್ಲೇ ಸಾಲಾಗಿ ನಿಂತ ಮೂರು ಚುಕ್ಕೆ ತ್ರಿಶೂಲವಲ್ಲದೆ ಇನ್ನೇನು? ತುಮಕೂರಿನಿಂದ ಗುಬ್ಬಿಯ ಕಾಲೇಜಿಗೆ ಗುಮಾಸ್ತಿಕೆಗೆ ಹೋಗುವಾಗ ದಿನಾ ಬಸ್ಸಿನಲ್ಲಿ ಇದನ್ನೇ ವಿವರಿಸುತ್ತಿದ್ದೆ. ಪಕ್ಕದ ಸೀಟಿನವರು ಎದ್ದು ಕಂಬಿ ಹಿಡಿದು ನಿಲ್ಲತೊಡಗಿದರು. ಹೆಂಡತಿಯಂತೂ, "ನಿಮ್ಮ ಬಸವಣ್ಣ ಹಾಲು ಕೊಡಲ್ವಂತೆ, ಡೈರಿಗೆ ನೀವೇ ಹೋಗ್ಬನ್ನಿ" ಅಂದಳು.

ಈ ವಿದ್ಯೆ ಉಪಯೋಗಕ್ಕೆ ಬಂದದ್ದು ಮೊಮ್ಮಗಳ ನಾಮಕರಣದಲ್ಲಿ. ಬಾಣಂತನಕ್ಕೆ ಬಂದಿದ್ದ ಮಗಳು ಸುಮಾಳಿಗೆ ಮುದ್ದಾದ ಹೆಸರು ಬೇಕಿತ್ತು. ಮಾರ್ಕೋನಹಳ್ಳಿ ಹತ್ತಿರದ ಅವಳ ಅತ್ತೆ ಪುಟ್ಟತಾಯಕ್ಕ, ಮನೆದೇವರ ಹೆಸರು ಕೆಂಪಮ್ಮ ಅಂತಲೇ ಆಗಬೇಕೆಂದು ಪಟ್ಟು ಹಿಡಿದಿದ್ದರು. "ಸ್ಕೂಲಲ್ಲಿ ಆಡ್ಕೋತಾರಪ್ಪ" ಎಂದು ಸುಮಾ ಅಳುತ್ತಾಳೆ. ಅತ್ತೆ ಫೋನಿಗೆ ಸಿಗುತ್ತಿಲ್ಲ. ಅಳಿಯ ಎರಡೂ ಕಡೆ ಹೂಂಗುಟ್ಟುತ್ತಾನೆ. ಆಗ ನನಗೆ ಹೊಳೆಯಿತು: ರೋಹಿಣಿ ಅಂದರೆ ಕೆಂಪಗಿರುವವಳು! ಬಸವಣ್ಣನ ಕಣ್ಣಾಗಿ ಹೊಳೆಯುವ ಕೆಂಪು ನಕ್ಷತ್ರ! ರೋಹಿಣಿ ಅಂತ ಹೆಸರಿಟ್ಟರೆ ಇಬ್ಬರೂ ಗೆದ್ದಂತೆ.

ಸಂಕ್ರಾಂತಿ ಕಳೆದ ಒಂದು ಸಂಜೆ, ದೀಪ ಹಚ್ಚಿದ ಮೇಲೆ ಬೀಗಿತ್ತಿಯನ್ನು ಅವರ ಅಂಗಳದಲ್ಲಿ ನಿಲ್ಲಿಸಿ ತೋರಿಸಿದೆ. "ನೋಡಿ ಅಕ್ಕಾ, ತೆಂಗಿನ ತುದಿಯಿಂದ ಸ್ವಲ್ಪ ಮೇಲೆ. ಅವಳೇ ನಿಮ್ಮ ಕೆಂಪಮ್ಮ. ಸಂಸ್ಕೃತದಲ್ಲಿ ರೋಹಿಣಿ. ಎರಡೂ ಒಂದೇ."

ಅವರು ತುಂಬ ಹೊತ್ತು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು. "ಅಯ್ ನಮ್ಮವ್ವ, ಅಲ್ಲೂ ಇದೀಯಾ! ಬೀಗ್ರೇ, ಎರಡೂ ಒಂದೇನಾ?"

"ಒಂದೇ ಅಕ್ಕಾ."

"ಹಂಗಾರೆ ಕೆಂಪಮ್ಮ ಅಂತ್ಲೇ ಇಟ್ಬುಡಿ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹಟಕ್ಕಲ್ಲ ಬೀಗ್ರೇ. ಸುಮಾ ಆಸ್ಪತ್ರೇಲಿ ಜೀವ ಕೈಲಿಡ್ಕಂಡಿದ್ದಾಗ ಡಾಕ್ಟ್ರು ಏನೂ ಹೇಳ್ಲಿಲ್ಲ. ತಾಯಿ ಮಗು ಇಬ್ರನ್ನೂ ಉಳಿಸ್ಕೊಡವ್ವ, ನಿನ್ ಹೆಸ್ರೇ ಇಡ್ತೀನಿ ಅಂದ್ಬುಟ್ಟಿದ್ದೆ. ಅವ್ಳಿಗೆ ಹೇಳಿದ್ರೆ ಹೆದರ್ಕತಾಳೆ ಅಂತ ಸುಮ್ಕಿದ್ದೆ."

ಆ ದಿನ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೆ. ಒಂದು ನಕ್ಷತ್ರದ ಹೆಸರೂ ನೆನಪಿಗೆ ಬಂದಿರಲಿಲ್ಲ. ಮನೆಗೆ ಬಂದು ಸುಮಾಳಿಗೆ ಎಲ್ಲ ಹೇಳಿದೆ. ಅವಳು ಮಗುವನ್ನು ಎದೆಗೊತ್ತಿಕೊಂಡಳು. ಆಮೇಲೆ ತಾನೇ ಅತ್ತೆಗೆ ಫೋನು ಮಾಡಿ, "ಅತ್ತೆಮ್ಮಾ, ಕೆಂಪಮ್ಮನ ತೊಟ್ಲಿಗೆ ಯಾವಾಗ ಹಾಕೋಣ?" ಅಂದಳು. ಆ ಕಡೆಯಿಂದ ಅಳು ಮಾತ್ರ ಕೇಳಿಸಿತು.

ಎಲ್ಲ ಸುಖಾಂತ್ಯವಾಯಿತು, ನನ್ನದೊಂದು ಬಿಟ್ಟು. ಪುಟ್ಟತಾಯಕ್ಕ ದಿನಾ ಸಂಜೆ ಅಂಗಳದಿಂದ ಕೈಮುಗಿಯುವುದನ್ನು ರೂಢಿ ಮಾಡಿಕೊಂಡರು. ಮೇ ಕೊನೆಗೆ ಸೂರ್ಯ ರೋಹಿಣಿಗೆ ಬಂದ. ನಕ್ಷತ್ರ ಅವನ ಬೆಳಕಿನಲ್ಲಿ ಮರೆಯಾಯಿತು. ತಕ್ಷಣ ಫೋನು: "ಬೀಗ್ರೇ, ಅವ್ವ ಕಾಣ್ತಿಲ್ಲ. ಎಲ್ಲಿಗೆ ಕಳಿಸಿದ್ರಿ?" ರಾಶಿ, ಸೂರ್ಯ ಎಂದು ಏನೇನೋ ವಿವರಿಸಿದೆ. "ಅದೆಲ್ಲ ನಂಗೊತ್ತಿಲ್ಲ. ತೋರ್ಸಿದೋರು ನೀವು, ಕರ್ಕಂಬರೋರೂ ನೀವೇ" ಎಂದು ಫೋನಿಟ್ಟರು.

ಈಗ ನಾನು ಕೋಳಿ ಕೂಗುವ ಮುಂಚೆ ಎದ್ದು ಟೆರೇಸಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತೇನೆ; ಮರೆಯಾದ ರೋಹಿಣಿ ಮತ್ತೆ ಮೊದಲು ಕಾಣುವುದು ಆ ಹೊತ್ತಿಗೆ, ಅಲ್ಲೇ. ದೇವರ ಮನೆಯಲ್ಲೂ ಇಷ್ಟು ಭಕ್ತಿಯಿಂದ ಕೈಮುಗಿದವನಲ್ಲ. ತಾಯೀ, ಬೇಗ ಬಾ. ಬೀಗಿತ್ತಿಗೆ ಉತ್ತರ ಕೊಡಬೇಕು.