ಸತ್ತ ಕಂಪ್ಯೂಟರಿನ ಸಾಕ್ಷಿ

ಮಾಡದ ತಪ್ಪಿಗೆ ಬೈಸಿಕೊಳ್ಳುವುದನ್ನು ಹೇಗೋ ಸಹಿಸಿಕೊಂಡೇನು. ಆದರೆ ಒಂದು ಡಬ್ಬಿ ಸಾಯುವಾಗಲೆಲ್ಲ ಪಕ್ಕದಲ್ಲಿದ್ದೆ ಎಂಬ ಒಂದೇ ಕಾರಣಕ್ಕೆ ಕೊಲೆಗಾರನೆನಿಸಿಕೊಳ್ಳುವುದು ಯಾವ ನ್ಯಾಯ? ತೊಂಬತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಮೇಷ್ಟ್ರಾಗಿದ್ದೆ. ಮಾಲೀಕರಾದ ರುದ್ರಪ್ಪನವರಿಗೆ ಸೊರಬದಲ್ಲೂ ಒಂದು ಕೇಂದ್ರವಿತ್ತು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಿಂದ ನಮ್ಮಲ್ಲಿದ್ದ ಒಂದೇ ಒಳ್ಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ತಾಲ್ಲೂಕಿಗೇ ನಾನೇ ಮೊದಲಿಗನೆಂದು ಬೀಗುತ್ತಿದ್ದೆ. ಅದು ವಾರಕ್ಕೆರಡು ಸಲ ಪಾಠದ ನಡುವೆಯೇ ಗೊಟಕ್ ಎನ್ನತೊಡಗಿತು.

"ಸೊರಬದಾಗಿನ ಮಷೀನು ಒಂದಿನಾನೂ ನಿಂತಿಲ್ರಿ. ನಿಮ್ಮ ಕೈಯಾಗಷ್ಟೇ ಯಾಕ್ ಸಾಯ್ತತಿ?" ಎಂದರು ರುದ್ರಪ್ಪನವರು. "ಸೋಮವಾರ ಇದನ್ನೂ ಅಲ್ಲಿಗೇ ಕಳಿಸ್ತೀನಿ. ನೀವು ಟೈಪಿಂಗ್ ಕಲಿಸ್ರಿ."

ನನ್ನ ಮೈ ಉರಿದುಹೋಯಿತು. ಯಂತ್ರವನ್ನು ನನ್ನಷ್ಟು ಜೋಪಾನ ಮಾಡುವವರು ಯಾರಿದ್ದಾರೆ? ಬಳ್ಳಿಗಾವಿಯ ನಮ್ಮ ಹೊಲದ ಪಂಪ್‌ಸೆಟ್ಟಿನ ಕಾಲದಿಂದ ಅಪ್ಪ ಕಲಿಸಿದ ಶಿಸ್ತು ನನ್ನದು. ನಮ್ಮ ಕಡೆಯ ಕರೆಂಟು ನಂಬುವಂಥದ್ದಲ್ಲ. ಮೋಟಾರಿನ ಸದ್ದು ಚೂರು ಬದಲಾದರೂ ಮೊದಲು ಗೋಡೆಯ ಮೇನ್ ಸ್ವಿಚ್ ಆರಿಸಬೇಕು, ಉಳಿದ ವಿಚಾರ ಆಮೇಲೆ. ನಮ್ಮ ಮನೆಯಲ್ಲಿ ಮಿಕ್ಸಿ ಕೆಮ್ಮಿದರೂ ನಾಲ್ಕು ಕೈಗಳು ಗೋಡೆಯತ್ತ ಹೋಗುತ್ತವೆ. ಅಂಥ ಮನೆತನದವನ ಮೇಲೆ ಈ ಆರೋಪ.

ಸೊರಬ ಕೇಂದ್ರದ ಮೇಷ್ಟ್ರು, ಕುಪ್ಪಗಡ್ಡೆಯ ನಾಗರಾಜ, ಫೋನಿನಲ್ಲಿ ಉಪಾಯ ಹೇಳಿದ. "ಸಾಯುವಾಗ ಕಾರಣಾನ ಅದೇ ಬರೆದಿಡೋ ಹಾಗೆ ಮಾಡಬಹುದು ಮಾರಾಯ್ರೆ. ಮೆಮೊರಿ ತುದೀಲಿ ಸ್ವಲ್ಪ ಜಾಗ ಮೊದಲೇ ಕಾದಿರಿಸಿ. ಸತ್ತ ಮೇಲೆ ಮುಂದಿರೋ ಸಣ್ಣ ರೀಸೆಟ್ ಗುಂಡಿ ಒತ್ತಿ, ಎದ್ದು ಎಲ್ಲ ಹೇಳ್ತದೆ. ಕರೆಂಟು ಮಾತ್ರ ಆರಿಸ್ಬೇಡಿ, ಬರೆದದ್ದೆಲ್ಲ ಅಳಿಸಿಹೋಗ್ತದೆ."

ಇದ್ದ ಮೆಮೊರಿ ಹದಿನಾರು ಎಂಬಿ. ಕೊನೆಯ ಒಂದನ್ನು ಬಿಡು ಎಂದು ಕಂಪ್ಯೂಟರಿಗೆ ಹೇಳಿದೆ. ಜಾಗವಿಲ್ಲ ಎಂದಿತು. ಅರ್ಧ ಕೇಳಿದೆ, ಇಲ್ಲ. ಕಾಲು ಕೇಳಿದೆ, ಅದೂ ಇಲ್ಲ. ತನ್ನ ಸಾವಿನ ಕಾರಣ ಬರೆಯಲು ತಾನೇ ಜಾಗ ಕೊಡದ ಈ ಜಿಪುಣನಿಗಾಗಿ ನಾನು ಮೂರು ದಿನ ಊಟ ಬಿಟ್ಟು ಒದ್ದಾಡಿದೆ. ಕೊನೆಗೆ ಕಂಪ್ಯೂಟರ್ ಬಂದಿದ್ದ ಪೆಟ್ಟಿಗೆಯ ತಳದಲ್ಲಿದ್ದ ಪುಸ್ತಿಕೆಯನ್ನು ಓದಿದಾಗ ಗುಟ್ಟು ತಿಳಿಯಿತು: ಮೆಮೊರಿಯ ತುದಿಯ ಭಾಗವನ್ನು ಪರದೆಯ ಚಿತ್ರ ಮೂಡಿಸುವ ಭಾಗವೇ ಸದ್ದಿಲ್ಲದೆ ಹಿಡಿದುಕೊಂಡಿತ್ತು. ಆನವಟ್ಟಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನು ಒಳಗೆ ಹೋಗಿ ನೋಡಿದರೆ, ಟವೆಲ್ಲು ಮೊದಲೇ ಕೂತಿದ್ದವರ ತೊಡೆಯ ಮೇಲೆ ಬಿದ್ದಂತಾಗಿತ್ತು ನನ್ನ ಪಾಡು. ಅಲ್ಲಿ ಯಾರು ಕೂತಿದ್ದಾರೆಂದು ಒಂದು ಮಾತು ಹೇಳಿದ್ದರೆ ಅದರ ಗಂಟೇನು ಹೋಗುತ್ತಿತ್ತು? ಪರದೆಯವರು ಹಿಡಿದ ಭಾಗಕ್ಕಿಂತ ಹಿಂದಿನ ಜಾಗ ಕೇಳಿದೆ. ತಕ್ಷಣ ಕೊಟ್ಟಿತು.

ಶನಿವಾರ ಮಧ್ಯಾಹ್ನ ರುದ್ರಪ್ಪನವರನ್ನು ಕರೆದು ಕಂಪ್ಯೂಟರಿನ ಎದುರು ಕೂರಿಸಿದೆ. "ಇವತ್ತು ಅದು ಸತ್ತರೆ, ತಪ್ಪು ಯಾರದಂತ ಅದರ ಬಾಯಿಂದಾನೇ ಕೇಳ್ರಿ" ಎಂದೆ. ಬೇಕೆಂದಾಗ ಅದು ಸಾಯಬೇಕಲ್ಲ? ಎರಡು ಗಂಟೆ ಕಾಲ ಆದರ್ಶ ವಿದ್ಯಾರ್ಥಿಯಂತೆ ನಡೆದುಕೊಂಡಿತು. ರುದ್ರಪ್ಪನವರು ಎರಡನೆಯ ಚಹಾ ಮುಗಿಸಿ ಏಳುವಷ್ಟರಲ್ಲಿ ಪರದೆ ಕಪ್ಪಾಗಿ, ಬಿಳಿಯ ಸಾಲುಗಳು ದಡದಡನೆ ಇಳಿದು ನಿಂತವು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ಸತ್ತಿತು! ಬರೆದಿಟ್ಟೇ ಸತ್ತಿತು! ಈಗ ನೋಡ್ರಿ" ಎನ್ನುತ್ತ ಎದ್ದವನೇ ಕೈ ಚಾಚಿದೆ. ಟಕ್ ಎಂದು ಸದ್ದಾಯಿತು. ಫ್ಯಾನು ನಿಂತಿತು. ಪರದೆಯೂ ಆರಿತು. ನನ್ನ ಕೈ ಗೋಡೆಯ ಮೇನ್ ಸ್ವಿಚ್ಚಿನ ಮೇಲಿತ್ತು.

ರುದ್ರಪ್ಪನವರು ಸ್ವಿಚ್ಚನ್ನು ನೋಡಿದರು, ನನ್ನನ್ನು ನೋಡಿದರು. "ದಿನಾ ಹಿಂಗೇ ಆರಿಸ್ತೀರೇನ್ರಿ?"

ನಾನು ಸ್ವಿಚ್ಚಿನಿಂದ ಕೈ ತೆಗೆದೆ.

"ಬಿಡ್ರಿ ಮೇಷ್ಟ್ರೇ. ಸಾಕ್ಷಿ ಸಿಕ್ತು" ಎಂದು ಚಪ್ಪಲಿ ಮೆಟ್ಟಿದರು.

ಸೋಮವಾರದ ಬಸ್ಸಿಗೆ ಕಂಪ್ಯೂಟರನ್ನು ನಾನೇ ಹತ್ತಿಸಿ ಬಂದೆ. ಸೊರಬದಲ್ಲಿ ಅದು ಒಮ್ಮೆಯೂ ನಿಂತಿಲ್ಲವಂತೆ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಯಾರ ಮೇಲೆ ಎಂದು ಮಾತ್ರ ಕೇಳಬೇಡಿ.